ಒಂದು ಹಲ್ಲು ಹಿಂದೆ

ತನ್ನ ಅಕ್ಕನ ಕಾರಿನ ಹಳೆಯ ಟೈಮಿಂಗ್ ಬೆಲ್ಟ್ ಬಿಚ್ಚಲು ಕೂತ ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟು ಬಗ್ಗಿ ನೋಡಿದ. ಬೆಲ್ಟ್ ಜೊತೆಯಾಗಿ ತಿರುಗಿಸುವ ಎಂಜಿನ್ನಿನ ಎರಡು ಹಲ್ಲುಚಕ್ರಗಳಲ್ಲಿ ಕೆಳಗಿನದರ ಗುರುತು ಸರಿಯಾಗಿತ್ತು, ಮೇಲಿನದು ಒಂದು ಹಲ್ಲು ಹಿಂದಿತ್ತು. ಎಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿದ, ಎದ್ದು ಓಡಾಡಿ ಬಂದು ಮತ್ತೆ ತಿರುಗಿಸಿದ, ಹಾಗೇ ಇತ್ತು. ಒಂದೇ ಹಲ್ಲು ತಪ್ಪಿದರೂ ಎಂಜಿನ್ನಿನ ಕಸುವು ಕುಗ್ಗುತ್ತದೆ. ನಾಲ್ಕು ವರ್ಷದ ಹಿಂದೆ ಆ ಬೆಲ್ಟ್ ಹಾಕಿದವನು ಅವನೇ. ಅಂದಿನಿಂದ ಕಾರು ಏರು ಹತ್ತುತ್ತಿಲ್ಲವೆಂದು ಅಕ್ಕ ಗೊಣಗಿದಾಗಲೆಲ್ಲ, "ನಿಂಗೆ ಗೇರ್ ಹಾಕಕ್ಕೇ ಬರಲ್ಲ" ಎಂದು ಎಲ್ಲರೆದುರು ಆಡಿಕೊಂಡಿದ್ದ. ಬೇಸತ್ತ ಅವಳು ಹೊಸ ಬೆಲ್ಟ್ ಹಾಕಿಸಿ ಕಾರನ್ನೇ ಮಾರಲು ಹೊರಟಿದ್ದಳು.

ಗುರುತಿಗೆ ಗುರುತು ಕೂಡಿಸಿ ಹೊಸದನ್ನು ಬಿಗಿಯುವಷ್ಟರಲ್ಲಿ ಅವಳು ಬಂದಳು. "ಮುಗೀತೇನೋ? ಕೊಳ್ಳೋರು ಕಾಯ್ತಿದಾರೆ."

"ಮಾರಬೇಡ ಕಣೇ ಅಕ್ಕಾ. ತಪ್ಪು ನಿಂದಲ್ಲ, ಬೆಲ್ಟ್ ಹಾಕಿದ ನಂದು. ಒಂದ್ಸಲ ಓಡಿಸಿ ನೋಡು."

ಅಕ್ಕ ಕೀಲಿ ಕಿತ್ತುಕೊಂಡಳು. "ನೀನೂ ಕಾರು ಹತ್ತು. ದಾರೀಲಿ ಬಾಯಿ ಬಿಟ್ಟೆಯೋ, ಇಳಿಸಿಬಿಡ್ತೀನಿ."