ಅಪ್ಪನ ಕಾರಿಗೆ ದಪ್ಪ ಅಂಕಿಗಳು

ಅಪ್ಪನ ಕಾರಿನ ಡಯಲುಗಳನ್ನು ನಾನೇ ಬಿಚ್ಚಿ ಹೊಸದು ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡ ದಿನದಿಂದ ನನಗೆ ಊಟ ಸೇರಲಿಲ್ಲ. ಅದು ಎರಡೇ ಸೀಟಿನ, ಮೇಲ್ಹೊದಿಕೆ ಮಡಚುವ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಗುಜರಿಗೆ ಹೊರಟಿದ್ದುದನ್ನು ಅಪ್ಪ ತಂದು, ನೌಕರಿಯಲ್ಲಿದ್ದಷ್ಟು ಕಾಲ ಭಾನುವಾರಗಳನ್ನೆಲ್ಲ ಸುರಿದು ರಸ್ತೆಗಿಳಿಸಿದ್ದರು. ನಮ್ಮ ಜಯನಗರದ ಮನೆಯಲ್ಲಿ ಅದನ್ನು ಯಾರು ಬೇಕಾದರೂ ಗೇಲಿ ಮಾಡಬಹುದಿತ್ತು, ಮುಟ್ಟುವ ಹಾಗಿರಲಿಲ್ಲ.

ಅಪ್ಪನಿಗೆ ಎಪ್ಪತ್ತಾರಾಗಿತ್ತು. ಒಂದು ದಿನ ಕಾರನ್ನು ನಮ್ಮದೇ ಗೇಟಿಗೆ ಉಜ್ಜಿಸಿದರು. ಇನ್ನು ಓಡಿಸಿದ್ದು ಸಾಕು, ಮಾರಿಬಿಡೋಣ ಎಂದು ಅಣ್ಣ ಹಟ ಹಿಡಿದ. ಅಪ್ಪ ಕೇಳಲಿಲ್ಲ. ಕಣ್ಣಿಗೇನೂ ಆಗಿಲ್ಲ, ಡಯಲಿನ ಅಂಕಿಗಳೇ ಮಾಸಿಹೋಗಿವೆ, ಸಾಲದ್ದಕ್ಕೆ ಮೈಲಿಯಲ್ಲಿವೆ, ಅದನ್ನು ನೋಡಲು ಬಗ್ಗಿದಾಗ ಗೇಟು ತಗುಲಿತು ಎಂದರು. ಪೇಪರ್ ಓದುವುದನ್ನು ಅವರು ಬಿಟ್ಟು ಎಷ್ಟೋ ದಿನಗಳಾಗಿದ್ದವು. ಬರೀ ಸುಳ್ಳು ಬರೀತಾರೆ ಎನ್ನುತ್ತಿದ್ದರು, ನಾನೂ ಹೌದೆನ್ನುತ್ತಿದ್ದೆ. ನಾನು ಚಿಕ್ಕಂದಿನಿಂದ ಅಪ್ಪನ ಪಕ್ಷ, ಯೋಚನೆ ಮಾಡುವುದಕ್ಕೂ ಮೊದಲೇ. ಅಂಕಿಗಳನ್ನು ದಪ್ಪ ಮಾಡಿಕೊಡುತ್ತೇನೆ, ಓಡಿಸುತ್ತಾ ಅಪ್ಪ ಅದನ್ನು ಓದಿ ಹೇಳಿದರೆ ಆಮೇಲೆ ನೀನು ಬಾಯಿ ಮುಚ್ಚಿಕೊಂಡಿರಬೇಕು ಎಂದು ಅಣ್ಣನಿಗೆ ಹೇಳಿದೆ. ಅವನು ಒಪ್ಪಿದ. ಹೆಚ್ಚುಕಡಿಮೆಯಾದರೆ ಜವಾಬ್ದಾರಿ ನಿನ್ನದು ಎಂದ.

ವೇಗ, ಪೆಟ್ರೋಲು, ಶಾಖ, ಎಂಜಿನ್ ಸುತ್ತು, ಹೀಗೆ ನಾಲ್ಕು ಡಯಲುಗಳು. ಒಂದೊಂದನ್ನೂ ಸ್ಕ್ಯಾನ್ ಮಾಡಿ, ಮೈಲಿಯನ್ನು ಕಿಲೋಮೀಟರಿಗೆ ಲೆಕ್ಕ ಹಾಕಿ, ಕಪ್ಪಿನ ಮೇಲೆ ಬಿಳಿ ಅಂಕಿಗಳನ್ನು ಬರೆದೆ. ಇಟ್ಟಮಡುವಿನಲ್ಲಿ ನಂಬರ್ ಪ್ಲೇಟ್ ಮಾಡುವ ಅಂಗಡಿಯವರು ಅದನ್ನು ಹೊಳಪಿಲ್ಲದ ಸ್ಟಿಕರ್ ಮೇಲೆ ಅಚ್ಚು ಹಾಕಿಕೊಟ್ಟರು. ನಡುವೆ ಖಾಲಿ ಜಾಗವಿದೆಯಲ್ಲ, ಒಂದು ಹನುಮಂತನನ್ನು ಕೂರಿಸಲೇ ಎಂದೂ ಕೇಳಿದರು. ಬೇಡವೆಂದೆ.

ಸ್ಟಿಕರ್ ಅಂಟಿಸಲು ಡಯಲಿನ ಮುಳ್ಳು ಕೀಳುವುದೇ ನನ್ನ ಜೀವ ತಿಂದ ಕೆಲಸ. ಮೀಟರ್ ರಿಪೇರಿಯವರು, ಮುರಿದರೆ ಬೇರೆ ಸಿಗುವುದಿಲ್ಲ ಎಂದು ತಾವು ಮುಟ್ಟದೆ ನನಗೆ ಪಾಠ ಹೇಳಿ ಕಳಿಸಿದ್ದರು. ಸ್ಪೀಡೋಮೀಟರಿನ ಮುಳ್ಳನ್ನು ಸೊನ್ನೆಯ ಹತ್ತಿರ ಸಣ್ಣ ಕಡ್ಡಿಯೊಂದು ತಡೆದಿರುತ್ತದೆ. ಕೀಳುವ ಮೊದಲು ಅದನ್ನು ಕಡ್ಡಿ ದಾಟಿಸಿ, ಎಲ್ಲಿಗೆ ಜಾರಿ ನಿಲ್ಲುತ್ತದೋ ಅಲ್ಲಿ ಗುರುತು ಹಾಕಿಕೊಳ್ಳಬೇಕು. ಮತ್ತೆ ಕೂರಿಸುವಾಗ ಆ ಗುರುತಿಗೇ ಕೂರಿಸಬೇಕು, ಇಲ್ಲದಿದ್ದರೆ ಇರುವುದಕ್ಕಿಂತ ಹೆಚ್ಚು ವೇಗ ತೋರಿಸುತ್ತದೆ. ಇದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡಿದ್ದೆ. ಶನಿವಾರ ಬೆಳಗ್ಗೆ ಡೈನಿಂಗ್ ಟೇಬಲ್ಲಿನ ಮೇಲೆ ಎಲ್ಲ ಹರಡಿ ಕೂತಾಗ ಅಪ್ಪ ಬಂದು, ಒಂಬತ್ತಕ್ಕೆ ರಾಹುಕಾಲ ಶುರು, ಅಷ್ಟರೊಳಗೆ ಕೈ ಹಾಕಿಬಿಡು ಎಂದರು. ನನಗೆ ಅದರಲ್ಲಿ ನಂಬಿಕೆಯಿಲ್ಲ. ಆದರೂ ಗಡಿಯಾರದಲ್ಲಿ ಎಂಟು ಐವತ್ತೇಳು ನೋಡಿದ್ದೇ ತಡ, ಗುರುತು ಹಾಕದೆಯೇ ಎರಡು ಚಮಚ ಮೀಟಿ ಮುಳ್ಳು ಎತ್ತಿಬಿಟ್ಟೆ. ಅದು ಮುರಿಯಲಿಲ್ಲವಲ್ಲ ಎಂಬ ಸಂತೋಷದಲ್ಲಿ ಚೀಟಿ ಮರೆತೇಹೋಯಿತು. ಕೂರಿಸುವಾಗ ನೇರ ಸೊನ್ನೆಗೆ ಕೂರಿಸಿದೆ.

ಸಂಜೆ ಡಯಲುಗಳೆಲ್ಲ ಕಾರಿನಲ್ಲಿ ಕೂತವು. ಅಪ್ಪ ಗಾಜಿನ ಮೇಲೆ ಹೆಬ್ಬೆರಳು ಆಡಿಸಿ, ಸೊಗಸಾಗಿದೆ ಎಂದು ಹೊಗಳಿದರು.

ಭಾನುವಾರ ಬೆಳಗ್ಗೆ ಆರೂವರೆಗೆ ಇಬ್ಬರೂ ಹೊರಟೆವು. ಬನಶಂಕರಿಯ ರಿಂಗ್ ರಸ್ತೆ ಆ ಹೊತ್ತಿಗೆ ಹೆಚ್ಚುಕಡಿಮೆ ಖಾಲಿ. ನನ್ನ ತೊಡೆಯ ಮೇಲೆ ಫೋನಿತ್ತು, ಅದರ ಮ್ಯಾಪಿನಲ್ಲಿ ವೇಗ ನಲವತ್ತು ಎಂದಿತ್ತು. ಡಯಲು ನೋಡಿದೆ. ಮುಳ್ಳು ಅರವತ್ತರ ಮೇಲಿತ್ತು. ಮರೆತ ಗುರುತು ಆಗ ನೆನಪಾಯಿತು. ಕ್ಷಮೆ ಕೇಳಲು ಮಾತು ಜೋಡಿಸಿಕೊಳ್ಳುತ್ತಾ, ಅಣ್ಣನಿಗೆ ಒಪ್ಪಿಕೊಂಡ ಪರೀಕ್ಷೆ ಹೇಗೂ ಮಾಡಬೇಕಲ್ಲ ಎಂದು ಕೇಳಿದೆ.

"ಎಷ್ಟಿದೆ ಅಪ್ಪಾ ಈಗ?"

ಅಪ್ಪ ತಲೆ ಬಗ್ಗಿಸಿ ಡಯಲಿನತ್ತ ನೋಡಿದರು. "ನಲವತ್ತು. ಎಷ್ಟು ಚೆನ್ನಾಗಿ ಕಾಣ್ಸತ್ತೆ ನೋಡು."

ಫೋನಿನ ಲೆಕ್ಕಕ್ಕೆ ಸರಿಯಾಯಿತಲ್ಲ ಎಂದು ಒಂದು ಗಳಿಗೆ ನನಗೆ ಸಮಾಧಾನವೇ ಆಯಿತು, ಎಂಥ ಪೆದ್ದಿ ನಾನು. ಆಮೇಲೆ ಹೊಳೆಯಿತು. ಡಯಲು ಅರವತ್ತು ಎನ್ನುತ್ತಿತ್ತು. ಸ್ವಲ್ಪ ಮುಂದೆ ಹೋಗಿ ಮತ್ತೆ ಕೇಳಿದೆ. ಮುಳ್ಳು ಎಪ್ಪತ್ತರಲ್ಲಿತ್ತು, ಅಪ್ಪ ಐವತ್ತು ಎಂದರು. ಫೋನಿನಲ್ಲೂ ಐವತ್ತೇ. ಅವರು ಎಂಜಿನ್ನಿನ ಸದ್ದು ಕೇಳಿ ಹೇಳುತ್ತಿದ್ದರು.

ನಿಲ್ಲಿಸಿ ಎಂದೆ. ಅವರು ಎಡಕ್ಕೆ ಹಾಕಿ, ಒಂದಿಷ್ಟೂ ತಪ್ಪದೆ ನಿಲ್ಲಿಸಿದರು. ನನಗೆ ಅದಕ್ಕೂ ಭಯವಾಯಿತು. ಮುಳ್ಳು ತಪ್ಪಾಗಿ ಕೂತಿದೆ, ಡಯಲಿನಲ್ಲಿ ಇದ್ದದ್ದು ಅರವತ್ತು ಎಂದು ಹೇಳಿದೆ. ಅಪ್ಪ ಸ್ಟಿಯರಿಂಗ್ ಬಿಡದೆಯೇ ಹೇಳಿದರು.

"ನೀನು ಅಷ್ಟು ಕಷ್ಟಪಟ್ಟು ಮಾಡಿದ್ದೀಯ. ಕಾಣ್ಸಲ್ಲ ಅಂತ ಹೇಗಮ್ಮ ಹೇಳ್ಲಿ?"

ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. ಒಂದು ವರ್ಷವಾಯಿತು, ನೇರಕ್ಕೆ ನೋಡಿದ್ದೆಲ್ಲ ಮಬ್ಬು, ಸುತ್ತಮುತ್ತ ಪರವಾಗಿಲ್ಲ ಎಂದರು. ನನಗೆ ಸಿಟ್ಟು ನೆತ್ತಿಗೇರಿತು, ಅವರ ಮೇಲೆ ಸ್ವಲ್ಪ, ನನ್ನ ಮೇಲೆ ಪೂರ್ತಿ. ಆ ಒಂದು ವರ್ಷ ಪ್ರತಿ ಬುಧವಾರ ಸಂಜೆ, ಈಗ ನಾನು ಕೂತಿದ್ದ ಸೀಟಿನಲ್ಲಿ ಎಂಟು ವರ್ಷದ ನನ್ನ ಮಗಳು ಕೂತು ಜೆಪಿ ನಗರದ ಈಜು ಕ್ಲಾಸಿಗೆ ಹೋಗಿ ಬರುತ್ತಿದ್ದಳು. ತಾತನ ಜೊತೆ ಹೋಗು ಎಂದು ಬೆಲ್ಟು ಬಿಗಿದು ಕಳಿಸುತ್ತಿದ್ದವಳು ನಾನೇ.

ಕೀ ಕೊಡಿ ಎಂದು ಕೈ ಚಾಚಿದೆ. ಅಪ್ಪ ಎಂಜಿನ್ ಆರಿಸಿ, ಕೀ ತೆಗೆದು, ನನ್ನ ಅಂಗೈ ಎಲ್ಲಿದೆ ಎಂದು ಸ್ವಲ್ಪ ತಡಕಾಡಿ ಕೊಟ್ಟರು.