ವಾಣದ ಡಬ್ಬಿಯ ಮೇಲೆ ನನ್ನ ಹೆಸರು

ನಮ್ಮ ವೃತ್ತಿಯಲ್ಲಿ ಬಾಯಿ ಬಿಟ್ಟು "ಬನ್ನಿ" ಅನ್ನುವ ಹಾಗಿಲ್ಲ. ನಾನು ಸಿಎ. ತರಕಾರಿಯವಳು ಕೂಗಬಹುದು, ಟ್ಯೂಷನ್ನಿನವರು ಚೌಕದ ಫ್ಲೆಕ್ಸಿನಲ್ಲಿ ಆಳೆತ್ತರ ನಿಂತು ಹಲ್ಲು ಕಿರಿಯಬಹುದು, ನಾನು ಮಾತ್ರ ಬಾಗಿಲಿಗೆ ಹೆಸರಿನ ಸಣ್ಣ ಹಲಗೆ ಹೊಡೆಸಿಕೊಂಡು ಸುಮ್ಮನೆ ಕೂರಬೇಕು. ಈಚೆಗೆ ವೆಬ್‌ಸೈಟು ಗಿಬ್‌ಸೈಟಿಗೆ ನಮ್ಮ ಸಂಸ್ಥೆಯವರು ಸ್ವಲ್ಪ ಸಡಿಲ ಬಿಟ್ಟಿದ್ದಾರೆ, ನಿಜ. ಆದರೆ ಕೆಲಸ ಕೊಡಿ ಎಂದು ಜನರ ಬೆನ್ನು ಹತ್ತಿದ್ದು ಗೊತ್ತಾದರೆ ದೂರು, ವಿಚಾರಣೆ, ಕಡೆಗೆ ಸದಸ್ಯತ್ವಕ್ಕೇ ಸಂಚಕಾರ. ಸದಸ್ಯತ್ವ ಹೋದರೆ ನನ್ನ ಸಹಿಗೆ ಬೆಲೆಯಿಲ್ಲ. ಸಹಿ ಇಲ್ಲದ ಸಿಎ ಯಾರಿಗೆ ಬೇಕು, ಹೇಳಿ?

ಹಾಗಾದರೆ ಗಿರಾಕಿಗಳು ಬರುವುದು ಹೇಗೆ? ನಾಸಿಕ್‌ನಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರು ಒಂದೇ ಮಾತು ಹೇಳಿದ್ದರು: ಕಣ್ಣಿಗೆ ಬೀಳು, ಕೈ ಚಾಚಬೇಡ. ಅದರಂತೆ ನಾನು ಅಲ್ಲಿನ ಕೈಗಾರಿಕಾ ಪ್ರದೇಶ ಸಾತಪುರದ ಸಣ್ಣ ಸಣ್ಣ ವರ್ಕ್‌ಶಾಪುಗಳ ಆಯುಧಪೂಜೆಗೆ ತಪ್ಪದೆ ಹೋದೆ. ಲೇತ್ ಮಷೀನಿಗೆ ಹಾಕಿದ ಚೆಂಡು ಹೂವಿನ ಪಕ್ಕ ನಿಂತು ಪೇಢೆ ತಿಂದೆ. ಯಾರಾದರೂ ಜಿಎಸ್‌ಟಿ ಸಂಶಯ ಕೇಳಿದರೆ ಬಿಡಿಸಿ ಹೇಳಿ, ಕಾರ್ಡು ಕೊಡದೆ ಎದ್ದು ಬಂದೆ. ಅವರೇ ಹುಡುಕಿಕೊಂಡು ಬಂದರು. ನಿಧಾನ, ಆದರೆ ಗಟ್ಟಿ.

ನಮ್ಮ ಅತ್ತೆಗೆ ಈ ನಿಧಾನ ಎಲ್ಲಿ ತಾಳಬೇಕು! ಭಾಲ್ಕಿ ಕಡೆಯವರು, ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂದು ನಂಬಿದವರು. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತ ಹೆಂಗಸನ್ನು ಹಿಡಿದು, "ನಿಮ್ ಮನೇವ್ರ ಟ್ಯಾಕ್ಸ್ ಯಾರ್ ನೋಡ್ತಾರ್ರಿ? ನಮ್ ಸೊಸಿ ಸಿಎ ಇದ್ದಾಳ, ಮೊದಲ್ನೇ ಸಲಕ್ಕೇ ಪಾಸಾಗ್ಯಾಳ" ಅನ್ನುವವರು. ಮೊದಲನೇ ಸಲಕ್ಕೆ ಪಾಸಾಗಿದ್ದು ಶುದ್ಧ ಸುಳ್ಳು. ನಾನು ಸೀರೆಯ ಚುಂಗು ಎಳೆದರೂ ಅವರು ನಿಲ್ಲಿಸುತ್ತಿರಲಿಲ್ಲ.

ಗಂಡನಿಗೆ ಛತ್ರಪತಿ ಸಂಭಾಜಿನಗರದ ಕಾರ್ಖಾನೆಗೆ ವರ್ಗವಾಯಿತು. ಅಲ್ಲೊಂದು ಫ್ಲ್ಯಾಟು ಹಿಡಿದು, ಮುಂದಿನ ಕೋಣೆಯನ್ನೇ ಆಫೀಸು ಮಾಡಿಕೊಂಡೆ. ನಾಸಿಕ್‌ನ ಕೆಲಸಕ್ಕೆ ವಾರದಲ್ಲಿ ಕೆಲವು ದಿನ ಬಸ್ಸು. ಹೊಸ ಊರು, ಗೊತ್ತಿನವರಿಲ್ಲ, ಆಫೀಸಿನ ಕುರ್ಚಿ ಖಾಲಿ. ಸಾಲದ್ದಕ್ಕೆ ಎದುರಿನ ಫ್ಲ್ಯಾಟಿನಲ್ಲೇ ಇನ್ನೊಬ್ಬ ಸಿಎ, ಊರಿನ ಹಳೇ ಕುಳ. ಲಿಫ್ಟಿನಲ್ಲಿ ಸಿಕ್ಕರೆ ತಲೆ ಅಲ್ಲಾಡಿಸುವರು, ಅಷ್ಟೇ. ಅವರನ್ನು ಕಂಡರೆ ಮೊದಲ ದಿನದಿಂದಲೂ ನನಗೆ ಅಳುಕು.

ಸಂಕ್ರಾಂತಿ ಬಂತು. ಆ ಸೀಮೆಯಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮನೆ ಮನೆಯಲ್ಲೂ ಅರಿಶಿನ ಕುಂಕುಮ. ಮುತ್ತೈದೆಯರನ್ನು ಕರೆದು ಎಳ್ಳುಂಡೆ ಕೊಟ್ಟು, ಜೊತೆಗೊಂದು ಸಣ್ಣ ಸಾಮಾನು ಉಡಿಗೆ ಹಾಕುತ್ತಾರೆ. ಅದಕ್ಕೆ ವಾಣ ಅನ್ನುತ್ತಾರೆ. ನನಗೆ ನಾಸಿಕ್‌ಗೆ ಹೋಗಲೇಬೇಕಿತ್ತು. "ನೀ ಹೋಗಿ ಬಾ, ನಾ ಎಲ್ಲಾ ನೋಡ್ಕೋತೀನಿ" ಅಂದರು ಅತ್ತೆ. ಆ ಮಾತಿಗೇ ನಾನು ಹೆದರಬೇಕಿತ್ತು.

ಸಂಜೆ ಬಂದಾಗ ಮನೆಯೆಲ್ಲ ಅತ್ತರು, ಮಲ್ಲಿಗೆಯ ಘಮ. ಬಂದವರೆಲ್ಲ ಹೋಗಿಯಾಗಿತ್ತು. ಮಿಕ್ಕ ಒಂದು ಸ್ಟೀಲ್ ಡಬ್ಬಿಯನ್ನು ಅತ್ತೆ ನನ್ನ ಕೈಗಿಟ್ಟರು. ಮುಚ್ಚಳದ ಮೇಲೆ ಪಾತ್ರೆ ಅಂಗಡಿಯವನು ಮಷೀನಿನಿಂದ ಕೊರೆದ ಅಕ್ಷರ. ನಮ್ಮಲ್ಲಿ ಕೊಟ್ಟವರ ಹೆಸರು ಕೊರೆಸುವುದು ಹೊಸದೇನಲ್ಲ. ಆದರೆ ಇಲ್ಲಿ ನನ್ನ ಹೆಸರು, ಅದರ ಮುಂದೆ ಸಿಎ, ಕೆಳಗೆ ಮರಾಠಿಯಲ್ಲಿ "ಇನ್‌ಕಮ್ ಟ್ಯಾಕ್ಸ್, ಜಿಎಸ್‌ಟಿ ಕೆಲಸ ಖಾತ್ರಿಯಾಗಿ ಮಾಡಿಕೊಡಲಾಗುವುದು", ಅದರ ಕೆಳಗೆ ಮೊಬೈಲ್ ನಂಬರು.

ಮುಚ್ಚಳವನ್ನು ಅತ್ತೆಯ ಮುಖದ ಮುಂದೆ ಹಿಡಿದೆ.

"ಅತ್ತೀ, ಇದೇನ್ ಮಾಡಿಟ್ರಿ! ಯಾರ್ ಯಾರಿಗೆ ಕೊಟ್ರಿ?"

"ಇಡೀ ಬಿಲ್ಡಿಂಗಿಗೆ ಕೊಟ್ಟೀನವ್ವಾ. ಎದುರಿನ ಮನಿಯಾಕಿ ಬರಂಗಿಲ್ಲ ಅಂದ್ಲು, ನಾನೇ ಹೋಗಿ ಉಡಿ ತುಂಬಿ ಬಂದೆ. ಹೆಂಗೈತಿ ಅಕ್ಷರ?"

ಎದುರಿನ ಮನೆಗೂ! ಅಯ್ಯೋ ನನ್ನ ಕರ್ಮವೇ, ಕಳ್ಳತನ ಮಾಡಿ ಪೊಲೀಸನ ಮನೆಗೇ ಬುತ್ತಿ ಕೊಟ್ಟು ಬಂದ ಹಾಗಾಯಿತು. ಡಬ್ಬಿಯ ಒಂದು ಫೋಟೋ ಸಾಕು, ದೂರು ಕೊಡಲು ಬೇರೆ ಸಾಕ್ಷಿ ಬೇಡ. ನಾಸಿಕ್‌ನ ಹಿರಿಯರಿಗೆ ಫೋನ್ ಹಚ್ಚಿದೆ. ಅವರು, ಒಂದೂ ಬಿಡದೆ ವಾಪಸ್ ತರಿಸು ಅಂದರು. ಯಾವತ್ತೂ ನಗುತ್ತಾ ಫೋನಿಡುವ ಮನುಷ್ಯ, ಅವತ್ತು ನಗಲಿಲ್ಲ. ನನ್ನ ಹೆದರಿಕೆ ಇಮ್ಮಡಿಯಾಯಿತು.

ಆದರೆ ವಾಣವನ್ನು ಹಿಂದೆ ಕೇಳುವುದುಂಟೆ? ಅತ್ತೆ ಕಿವಿ ಮುಚ್ಚಿಕೊಂಡರು. "ಮುತ್ತೈದೇರ ಉಡ್ಯಾಗ ಹಾಕಿದ್ದು ಹೊಳ್ಳಿ ಬೇಡ್ತಾರೇನು? ಮನಿಗೆ ಒಳ್ಳೇದಾಗಂಗಿಲ್ಲ, ಬಿಡು ಅಂತೀನಿ."

"ನನ್ನ ಸಿಎ ಹೋದ್ರ ಮನಿಗೆ ಒಳ್ಳೇದಾಗ್ತದೇನ್ರಿ?" ಎಂದು ಚೀರಿದೆ. ಆಮೇಲೆ ಕೂರಿಸಿಕೊಂಡು, ನಿಯಮ ಏನು, ದೂರು ಹೋದರೆ ಏನಾಗಬಹುದು ಎಂದು ಒಂದೊಂದಾಗಿ ಹೇಳಿದೆ. ಹೇಳುತ್ತಾ ಹೋದಂತೆ ಅವರ ಕೈ ಕಿವಿಯಿಂದ ಕೆಳಗಿಳಿಯಿತು.

"ಅಂದ್ರ ನಿನ್ ಓದು ಪೂರಾ ನೀರಾಗ ಹೋಗ್ತದ?"

"ಹೋಗಬಹುದ್ರಿ."

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವುದನ್ನೇ ಕಾದು, ಏನೂ ಕೊರೆಯದ ಬಟ್ಟಲುಗಳನ್ನು ಚೀಲ ತುಂಬ ತಂದರು. ನಾನು ಬರುತ್ತೇನೆಂದರೂ ಬೇಡವೆಂದರು. ಮೆಟ್ಟಿಲ ತಿರುವಿನಲ್ಲಿ ನಿಂತು ಕೇಳಿಸಿಕೊಂಡೆ. ಪ್ರತಿ ಬಾಗಿಲಲ್ಲೂ ಅದೇ ಮಾತು: ಅಂಗಡಿಯವ ಮೋಸ ಮಾಡಿದ, ಡಬ್ಬಿಗೆ ತುಕ್ಕು ಹಿಡೀತದ, ಇದನ್ನ ತಗೋರಿ ತಾಯಿ. ಕೆಲವರು ನಕ್ಕು ಬದಲಾಯಿಸಿಕೊಂಡರು. ಒಬ್ಬಳು, ಕೊಟ್ಟು ಕಿತ್ತುಕೊಳ್ಳುವ ಪದ್ಧತಿ ನಿಮ್ಮ ಕಡೆ ಉಂಟೋ ಎಂದು ಮರಾಠಿಯಲ್ಲಿ ಚುಚ್ಚಿದಳು. ಅತ್ತೆ ಕೈ ಮುಗಿದರು. ಯಾರಿಗೂ ಬಗ್ಗದ ಹೆಂಗಸು, ಮಾಳಿಗೆ ಮಾಳಿಗೆಗೂ ಕೈ ಮುಗಿಯುತ್ತಾ ಇಳಿದರು.

ಎಲ್ಲ ಬಂದವು, ಎದುರಿನ ಮನೆಯದೊಂದನ್ನು ಬಿಟ್ಟು. ಆಕೆ ಅದರಲ್ಲಿ ಕುಂಕುಮ ತುಂಬಿ ದೇವರ ಮುಂದೆ ಇಟ್ಟುಬಿಟ್ಟಿದ್ದಳು. ಯಜಮಾನರಿಗೆ ಆಗಷ್ಟೇ ಹೃದಯದ ಆಪರೇಷನ್ ಆಗಿತ್ತಂತೆ, ಇಂಥ ಹೊತ್ತಲ್ಲಿ ವಾಣ ಮರಳಿಸಲಾರೆ ಎಂದಳಂತೆ.

ಅಲ್ಲಿಂದ ನನ್ನ ಊಟ ನಿದ್ದೆ ಕೆಟ್ಟಿತು. ಪೋಸ್ಟ್‌ಮ್ಯಾನ್ ಬೆಲ್ ಒತ್ತಿದರೆ ಅತ್ತೆಯನ್ನು ಬಾಗಿಲಿಗೆ ಕಳಿಸುತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಗಂಡನ ಕೈಗೆ ಕೊಡುತ್ತಿದ್ದೆ. ಒಂದು ದಿನ ಲಿಫ್ಟಿನಲ್ಲಿ ಎದುರಿನ ಮನೆಯವರು ಸಿಕ್ಕರು. ಆಪರೇಷನ್ನಿನಿಂದ ಬಡವಾಗಿದ್ದರು. ಬಾಗಿಲು ಮುಚ್ಚಿದ ಮೇಲೆ ನನ್ನ ಕಡೆ ತಿರುಗದೆಯೇ, "ಡಬ್ಬಿ ಚೆನ್ನಾಗಿದೆ ಮೇಡಂ" ಎಂದು ಮರಾಠಿಯಲ್ಲಿ ಅಂದರು. ಅಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಗತಿ ನನ್ನದು. ಅದು ಮೆಚ್ಚುಗೆಯೋ ಎಚ್ಚರಿಕೆಯೋ ಕೇಳುವ ಧೈರ್ಯ ಬರಲಿಲ್ಲ. ಅಂದಿನಿಂದ ನಾನು ಮೆಟ್ಟಿಲು ಹತ್ತಿಯೇ ಓಡಾಡುವುದು. ಸಂಸ್ಥೆಯಿಂದ ಪತ್ರ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಬರುವುದೇ ಇಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲವಲ್ಲ.

ಮೊನ್ನೆ ನಾಸಿಕ್ ಹತ್ತಿರದ ಈರುಳ್ಳಿ ಪೇಟೆ ಪಿಂಪಳಗಾಂವ್ ಬಸವಂತ್‌ನಲ್ಲಿ ನಮ್ಮವರದೇ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಅತ್ತೆಯ ಪಕ್ಕ ಕಲಬುರಗಿ ಕಡೆಯ ಈರುಳ್ಳಿ ವ್ಯಾಪಾರಿಯ ಹೆಂಡತಿ ಕೂತಿದ್ದರು. ತಮ್ಮ ಲೆಕ್ಕ ನೋಡುವವರು ಊರು ಬಿಟ್ಟುಹೋಗಿ ತೊಂದರೆಯಾಗಿದೆ, ನಂಬಿಕಸ್ಥರು ಯಾರಾದರೂ ಇದ್ದರೆ ಹೇಳಿ ಅಂದರು. ನಾನು ಹಿಂದೆಯೇ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಅತ್ತೆ ನನ್ನನ್ನು ನೋಡಿರಲಿಲ್ಲ.

"ಗೊತ್ತಿಲ್ರಿ" ಅಂದರು.

"ನಿಮ್ ಸೊಸಿ ಏನ್ ಮಾಡ್ತಾರ್ರಿ?"

ಅತ್ತೆ ಸೆರಗು ಎಳೆದುಕೊಂಡು ಆ ಕಡೆ ಈ ಕಡೆ ನೋಡಿದರು. ದನಿ ತಗ್ಗಿಸಿದರು. "ಏನೂ ಇಲ್ರಿ, ಮನ್ಯಾಗ ಇರ್ತಾಳ. ರೊಟ್ಟಿ ಚಲೋ ಬಡೀತಾಳ."

ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಮದುವೆಯಾದ ಹೊಸತರಲ್ಲಿ ಕಲಿಯಲು ಕೂತವಳನ್ನು, "ಅದು ನನಗ ಬರ್ತದ, ನೀ ಹೋಗಿ ಓದ್ಕೋ" ಎಂದು ಒಲೆಯ ಮುಂದಿನಿಂದ ಎಬ್ಬಿಸಿ ಕಳಿಸಿದವರೇ ಅವರು.