ಗಂಟೆ ನೋಡಿ ಕೊಡುವ ಲೈನ್

ಕುಮುದಾ ಹೊಸನಗರ ತಾಲ್ಲೂಕಿನ ಒಂದು ಸಣ್ಣ ವಿದ್ಯುತ್ ಸಬ್‌ಸ್ಟೇಷನ್‌ನಲ್ಲಿ ಆಪರೇಟರ್. ಲೈನ್‌ಮ್ಯಾನ್ ಕಂಬ ಹತ್ತುವ ಮೊದಲು ಅವಳಿಗೆ ಹೇಳಬೇಕು, ಅವಳು ಲೈನ್ ಬಂದ್ ಮಾಡಬೇಕು. ಕೆಲಸ ಮುಗಿದು ಎಲ್ಲರೂ ಇಳಿದಿದ್ದೇವೆ ಎಂದು ಅವನೇ ಫೋನ್ ಮಾಡಿದ ಮೇಲಷ್ಟೇ ಮತ್ತೆ ಕರೆಂಟ್ ಕೊಡಬೇಕು. ಆದರೆ ಮಾಸ್ತಿಕಟ್ಟೆ ಕಡೆಯ ಕಣಿವೆಗೆ ಇಳಿದರೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಅದಕ್ಕೇ ಒಂದು ರೂಢಿ ಬೆಳೆದಿತ್ತು: "ನಾಲ್ಕಕ್ಕೆ ಕೊಟ್ಬಿಡು, ಅಷ್ಟೊತ್ತಿಗೆ ಇಳಿದಿರ್ತೀವಿ" ಎಂದು ಬೆಳಿಗ್ಗೆಯೇ ಹೇಳಿ ಹೋಗುವುದು. ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಕಳೆದ ವಾರ ಹಿರಿಯ ಲೈನ್‌ಮ್ಯಾನ್ ನಿಂಗಪ್ಪ ಹಾಗೆಯೇ ಹೇಳಿ ಹೋಗಿದ್ದ. ನಾಲ್ಕಾಯಿತು. ಕುಮುದಾ ಸ್ವಿಚ್ಚಿನ ಮೇಲೆ ಕೈಯಿಟ್ಟಳು, ತಿರುಗಿಸಲು ಧೈರ್ಯ ಬರಲಿಲ್ಲ. ಕರೆಂಟಿಲ್ಲದ ಊರುಗಳಿಂದ ಫೋನುಗಳು ಬರತೊಡಗಿದವು. "ಎಂತ ಮಾರಾಯ್ತಿ, ಮಲ್ಗಿದ್ಯಾ?" ಎಂದು ಒಬ್ಬರು ಹಂಗಿಸಿದರು. ಸಂಜೆ ತೊಯ್ದು ಬಂದ ನಿಂಗಪ್ಪ, "ನಾಲ್ಕಕ್ಕೆ ನಾವಿನ್ನೂ ಕಂಬದ ಮೇಲೇ ಇದ್ವು. ನೀ ಕೊಡ್ದೇ ಇದ್ದಿದ್ದು ಒಳ್ಳೇದಾಯ್ತು ತಂಗಿ" ಎಂದು ನಕ್ಕ. ಅವಳಿಗೆ ನಗು ಬರಲಿಲ್ಲ.

ಇಂದು ತಿಂಗಳ ಮೀಟಿಂಗ್. ಹೊಸದಾಗಿ ಬಂದ ಎಂಜಿನಿಯರ್ ಶ್ರೀನಾಥ್, "ಇದು ನಿಮ್ಮದೂ ಆಫೀಸು. ಏನು ಬದಲಾಗ್ಬೇಕು, ಹೇಳಿ" ಎಂದರು. ಎಲ್ಲರೂ ಟೀ ಲೋಟ ನೋಡುತ್ತ ಕುಳಿತರು. ಹಿಂದೊಮ್ಮೆ ಮಳೆಗೆ ಮೊದಲೇ ಲೈನಿಗೆ ತಾಗುವ ಕೊಂಬೆ ಕಡಿಯೋಣ ಎಂದಿದ್ದ ಕಿರಿಯ ಲೈನ್‌ಮ್ಯಾನ್ ಉಮೇಶನ ಹೆಗಲಿಗೇ ಆ ಕೆಲಸ ಬಿದ್ದಿತ್ತು. ಅವನು ಕುಮುದಾಳ ಕಡೆ ಬಾಗಿ ಪಿಸುಗುಟ್ಟಿದ: "ಸುಮ್ನಿರು ಅಕ್ಕ. ಬಾಯಿ ಬಿಟ್ಟೋರಿಗೇ ಕೆಲ್ಸ ಇಲ್ಲಿ."

ಕುಮುದಾ ಯೋಚಿಸಿದಳು. ಹೇಳಿದರೆ ನಿಂಗಪ್ಪನಿಗೆ ನೋಟಿಸ್ ಬರಬಹುದು. ನಿವೃತ್ತಿ ಹತ್ತಿರದಲ್ಲಿದೆ, ಅವಳಿಗೆ ಕೆಲಸ ಕಲಿಸಿದವನೂ ಅವನೇ. ಹೇಳದಿದ್ದರೆ ಮುಂದಿನ ಸಲ ತನ್ನ ಕೈ ತಡೆಯದೇ ಹೋಗಬಹುದು.

"ಸರ್, ಇನ್ನು ನಾನು ಗಂಟೆ ನೋಡಿ ಲೈನ್ ಕೊಡಲ್ಲ. ಕಂಬ ಹತ್ತಿದವರೇ ಇಳಿದ್ವು ಅಂತ ಹೇಳ್ಬೇಕು."

ಶ್ರೀನಾಥ್ ಪೆನ್ನು ತೆರೆದರು. "ಗಂಟೆ ನೋಡಿ ಕೊಡೋದು ನಡೀತಿದೆಯಾ? ಯಾರು ಹಾಗೆ ಹೇಳೋದು?"

ನಿಂಗಪ್ಪ ಕಿಟಕಿಯ ಕಡೆ ನೋಡುತ್ತಿದ್ದ. ಕುಮುದಾ ಶ್ರೀನಾಥರ ಕಡೆ ತಿರುಗಿದಳು. "ಹೆಸರು ಕೇಳಿದ್ರೆ ಸರ್, ಇವತ್ತಿಂದ ಯಾರೂ ಬಾಯಿ ಬಿಡಲ್ಲ. ನಾನೂ ಬಿಡಲ್ಲ."

ಶ್ರೀನಾಥ್ ಪೆನ್ನು ಮುಚ್ಚಿದರು. "ಆಯ್ತು. ಹೆಸರು ಬೇಡ, ದಾರಿ ಹೇಳಿ."

ಮೊದಲು ಮಾತಾಡಿದವನು ನಿಂಗಪ್ಪ. "ಗುಡ್ಡದ ನೆತ್ತಿ ಮೇಲೆ ಸಿಗ್ನಲ್ ಸಿಗ್ತದೆ. ಇಳಿದ ಮೇಲೆ ನಾವೇ ಹತ್ತಿ ಹೋಗಿ ಫೋನ್ ಮಾಡ್ಬೇಕು. ಆದ್ರೆ ಲೈನ್ ಬರೋದು ತಡ ಆಗ್ತದೆ, ಜನ ಬೈತಾರೆ."

"ಬೈಗುಳ ನನ್ನ ನಂಬರಿಗೆ ಕಳಿಸಿ," ಎಂದರು ಶ್ರೀನಾಥ್.

"ಇದೊಂದು ಕೆಲ್ಸ ಸಾಹೇಬ್ರ ಹೆಗಲಿಗೇ ಬಿತ್ತು ನೋಡಿ," ಎಂದ ಉಮೇಶ. ಆಗ ಎಲ್ಲರೂ ನಕ್ಕರು, ಒಬ್ಬೊಬ್ಬರಾಗಿ ಬಾಯಿ ಬಿಟ್ಟರು.

ಸೋಮವಾರ ಕಣಿವೆಯ ಲೈನ್ ಬಂದ್ ಆಯಿತು. ನಾಲ್ಕು ಕಳೆಯಿತು, ಐದೂ ಆಯಿತು. ಕುಮುದಾ ಕುರ್ಚಿ ಬಿಟ್ಟು ಫೋನಿನ ಮುಂದೆಯೇ ನಿಂತಿದ್ದಳು. ಕೊನೆಗೆ ಕರೆ ಬಂತು.

"ನಿಂಗಪ್ಪ ಮಾತಾಡೋದು. ಮೂರೂ ಜನ ಇಳಿದ್ವು. ಲೈನ್ ಕೊಡು." ಗುಡ್ಡ ಹತ್ತಿದ ಏದುಸಿರು ಕೇಳಿಸುತ್ತಿತ್ತು.

"ಇನ್ನೊಂದು ಸಲ ಹೇಳಿ ಅಣ್ಣ."

"ಎಷ್ಟು ಸಲ ಹೇಳ್ಲಿ ಮಾರಾಯ್ತಿ," ಎಂದು ಗದರಿದ ನಿಂಗಪ್ಪ. ಆಮೇಲೆ ಮೂವರ ಹೆಸರನ್ನೂ ಒಂದೊಂದಾಗಿ ಹೇಳಿದ.